ಎರಿ ಮಣ್ಣಾಗ ಸುಗಂಧರಾಜ ಗಡ್ಡಿ ಕೊಳ್ಯಾಕತ್ತಾವು, ಸಹಾಯ ಬೇಕು

ನಮ್ದು ಸಿಂಧನೂರು, ಕಾಲುವಿ ನೀರಿನ ಸೀಮಿ. ಹಿತ್ತಲದಾಗ ಬರೀ ಎರಿ ಮಣ್ಣು. 10 ಫೂಟು ಉದ್ದ, 6 ಫೂಟು ಅಗಲದ ಮಡಿಯೊಳಗ ಸುಗಂಧರಾಜ ಹಚ್ಚೀನಿ. ಬ್ಯಾಸಿಗ್ಯಾಗ ಬೆರಳು ಹೋಗೋವಷ್ಟು ಬಿರುಕು, ಮಳಿ ಬಂದ್ರ ಮೂರು ದಿನ ನೀರು ನಿಲ್ತೈತಿ. ಮೊನ್ನೆ ಒಂದು ಗಡ್ಡಿ ಕಿತ್ತು ಒತ್ತಿದೆ, ಕೊಳೆತ ಬಾಳಿಹಣ್ಣಿನಂಗ ಪಿಚಕ್ ಅಂತು.

ತಿಪ್ಪಿಗೊಬ್ಬರ ಹಾಕೀನಿ. ಎರಡು ಬುಟ್ಟಿ ಉಸುಕು ಕಲಿಸಿದ್ಮ್ಯಾಲ ಇನ್ನೂ ಗಟ್ಟಿ ಆತು, ಆ ಸಲಹೆ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಮಣ್ಣು ಪರೀಕ್ಷೆ ಚೀಟ್ಯಾಗ ರಸಸಾರ (pH) 8.7 ಬಂದೈತಿ, ಅಂದ್ರ ಮಣ್ಣು ಕ್ಷಾರ ಐತಿ. ಜಿಪ್ಸಂ (ಕ್ಯಾಲ್ಸಿಯಂ ಇರೋ ಖನಿಜದ ಪುಡಿ) ಹಾಕಿದ್ರ ಮಣ್ಣಿಗೆ ಅಂಟಿದ ಸೋಡಿಯಂ ಬಿಡ್ತೈತಿ ಅಂತಾರ, ಆದ್ರ ಅದು ತೊಳದು ಹೋಗಾಕ ನೀರು ಕೆಳಗ ಇಳೀಬೇಕಲ್ರೀ? ಇಲ್ಲಿ ಇಳಿಯೋದೇ ಇಲ್ಲ.

ಹಂಗಾದ್ರ ಮೊದಲು ಜಿಪ್ಸಂ ಹಾಕಲೋ, ಒಂದು ಫೂಟು ಮಸಾರಿ ಮಣ್ಣು ಏರಿಸಿ ಮಡಿ ಎತ್ತರ ಮಾಡಲೋ? ಜಿಪ್ಸಂ ಆದ್ರ ಇಷ್ಟು ಜಾಗಕ್ಕ ಎಷ್ಟು ಕೆಜಿ?