ನೀರಲ್ಲಿ ಓಡಿದ್ರೆ ಹಾರ್ಟ್‌ರೇಟ್ 110 ದಾಟ್ತಿಲ್ಲ, ತಪ್ಪೆಲ್ಲಿ?

ಕುಂಟು_10ಕೆ:
ಮೂರು ವಾರದಿಂದ ಪೂಲ್ ರನ್ನಿಂಗ್. ನೀರಲ್ಲಿ ತೇಲಿಸೋ ಬೆಲ್ಟ್ ಇದೆ, ದಿನಾ 45 ನಿಮಿಷ. ರಸ್ತೇಲಿ ಆರಾಮಾಗಿ ಓಡಿದ್ರೂ 140 ತೋರಿಸೋ ವಾಚು ಇಲ್ಲಿ 110ಕ್ಕೇ ನಿಲ್ಲುತ್ತೆ. ಎಲ್ಲಾ ಸರಿಯಾಗೇ ಮಾಡ್ತಿದೀನಿ. ಇದೆಲ್ಲ ದಂಡಾನಾ?

ವಾಚ್‌ಮನ್_ಮೈಸೂರು:
ಮಣಿಕಟ್ಟಿನ ಸೆನ್ಸರ್ ನಂಬಬೇಡಿ. ಕೈ ಬೀಸಿದಾಗ ಚರ್ಮಕ್ಕೂ ಸೆನ್ಸರಿಗೂ ಮಧ್ಯೆ ನೀರು ನುಗ್ಗಿ ರೀಡಿಂಗ್ ಕೆಡುತ್ತೆ. ಎದೆಗೆ ಕಟ್ಟೋ ಸ್ಟ್ರಾಪ್ ತಗೊಳ್ಳಿ. ಬ್ಲೂಟೂತ್ ನೀರೊಳಗೆ ಗೇಣು ದಾಟೋದೂ ಕಷ್ಟ, ಅದಕ್ಕೆ ಸ್ಟ್ರಾಪಲ್ಲೇ ಮೆಮೊರಿ ಇರಬೇಕು, ಪೋಲಾರ್ ಎಚ್10 ಥರದ್ದು.

ಜಲಚರ:
ದುಡ್ಡು ಸುರಿಯೋ ಮೊದಲು ಕುತ್ತಿಗೇಲಿ ನಾಡಿ ಹಿಡಿದು 10 ಸೆಕೆಂಡ್ ಎಣಿಸಿ, 6ರಿಂದ ಗುಣಿಸಿ. ಕುತ್ತಿಗೆವರೆಗೆ ನೀರಿದ್ರೆ ಅದರ ಒತ್ತಡಕ್ಕೆ ಕಾಲಿನ ರಕ್ತ ಎದೆಗೆ ಸಲೀಸಾಗಿ ಮರಳುತ್ತೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಹೋಗುತ್ತೆ. ಹಾಗಾಗಿ ಅದೇ ಶ್ರಮಕ್ಕೆ 10–15 ಕಡಿಮೆ ಬರೋದು ಸಹಜ. 30 ಕಡಿಮೆ ಅಂದ್ರೆ ಕೆಲಸವೇ ಆಗ್ತಿಲ್ಲ. ಗಾಯ ಯಾವುದು? ಆಳ ಎಷ್ಟು?

ಕುಂಟು_10ಕೆ:
ಎಣಿಸಿದೆ, 18. ಅಂದ್ರೆ 108. ವಾಚು ಸರಿ ಇದೆ.

ವಾಚ್‌ಮನ್_ಮೈಸೂರು:
ನಿಂತು ಎಣಿಸೋಷ್ಟರಲ್ಲಿ ಇಳಿದಿರುತ್ತೆ ಸರ್. ಸ್ಟ್ರಾಪೇ ಬೇಕು. ಮೇಲೆ ಬಿಗಿ ಟೀಶರ್ಟ್ ಹಾಕಿ, ಇಲ್ಲಾಂದ್ರೆ ಜಾರುತ್ತೆ.

ಬೆಲ್ಟ್_ಯಾಕ್ರೀ:
ಬೆಲ್ಟ್ ಬಿಚ್ಚಿ ಎಸೀರಿ, ತಾನಾಗೇ 140 ಬರುತ್ತೆ.

ಜಲಚರ:
ಬರುತ್ತೆ, ಮುಳುಗಬಾರದು ಅಂತ ಕೈಕಾಲು ಬಡಿಯೋದಕ್ಕೆ. ಅದು ನಾಯಿ ಈಜು, ಓಟ ಅಲ್ಲ.

ಬೆಲ್ಟ್_ಯಾಕ್ರೀ:
ಈಜು ಬರದವರಿಗೆ ಹಾಗೇ ಅನ್ಸುತ್ತೆ. ನಾನು ಬೆಲ್ಟಿಲ್ಲದೆ ಒಂದು ಗಂಟೆ, ಕಿವಿ ಪಕ್ಕದ ಮೂಳೆ ಮೂಲಕ ಹಾಡು ಕೇಳಿಸೋ ಬೋನ್ ಕಂಡಕ್ಷನ್ ಹೆಡ್‌ಫೋನ್, ಎಂಪಿ3 ಅದರೊಳಗೇ.

ವಾಚ್‌ಮನ್_ಮೈಸೂರು:
ಯಾವ ಮಾಡೆಲ್? ಕ್ಲೋರಿನ್ ತಡೆಯುತ್ತಾ?

ಕುಂಟು_10ಕೆ:
ಹೆಡ್‌ಫೋನ್ ಆಮೇಲೆ ಮಾತಾಡ್ಕೊಳ್ಳಿ. ಅಪಾರ್ಟ್‌ಮೆಂಟ್ ಪೂಲ್, 5 ಅಡಿ. ನನ್ನ ಎತ್ತರ 5 ಅಡಿ 8. ಮೊಣಕಾಲ ಕೆಳಗಿನ ಮೂಳೆ, ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಓಡಿ ಓಡಿ ಬಂದ ಸಣ್ಣ ಬಿರುಕು. ಹೆಬ್ಬೆರಳು ಆಗಾಗ ನೆಲಕ್ಕೆ ತಾಗುತ್ತೆ, ಅಷ್ಟೇ.

ಜಲಚರ:
ಮಾರಾಯ್ರೇ, ಅದನ್ನಲ್ವಾ ಮೊದಲು ಹೇಳೋದು! ನೆಲ ತಾಗಿದ್ರೆ ನೀವು ಓಡ್ತಿಲ್ಲ, ಕುಪ್ಪಳಿಸ್ತಿದ್ದೀರಿ. ನೆಲ ನಿಮ್ಮ ತೂಕ ಹೊರುತ್ತೆ, ಕಾಲು ನೀರನ್ನ ತಳ್ಳಲ್ಲ, ಬಡಿತ ಏರಲ್ಲ. ಅದಕ್ಕಿಂತ ಮುಖ್ಯ, ಕೂಡಬೇಕಾದ ಮೂಳೆಗೆ ಪ್ರತಿ ಸಲ ಏಟು. ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ಇದನ್ನೂ ಹೇಳಿ. ಅವರು ಸರಿ ಅಂದ ಮೇಲೆ 7 ಅಡಿಯಾದ್ರೂ ಆಳ ಇರೋ ಕಡೆ ಹೋಗಿ. ಆಳದ ಜಾಗ ಚಿಕ್ಕದಿದ್ರೆ ಎಲಾಸ್ಟಿಕ್ ಹಗ್ಗದಿಂದ ಬೆಲ್ಟನ್ನ ಏಣಿಗೆ ಕಟ್ಟಿ ನಿಂತಲ್ಲೇ ಓಡಿ.

ಬೆಲ್ಟ್ ನೀರಿಗಿಳಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ, ಒದ್ದೆಯಾದ ಪಟ್ಟಿ ಸಡಿಲ ಆಗಿ ಪಕ್ಕೆಲುಬಿಗೆ ಏರುತ್ತೆ. ಸೊಂಟದಲ್ಲಿ ಬಗ್ಗಬೇಡಿ, ಮೈ ಪೂರ್ತಿ ಚೂರೇ ಮುಂದಕ್ಕೆ ವಾಲಿರಲಿ. ಮುಷ್ಟಿ ಸಡಿಲವಾಗಿ ಮುಚ್ಚಿರಲಿ, ಅಂಗೈಯಲ್ಲಿ ನೀರು ಬಾಚಿದ್ರೆ ಕೆಲಸ ಕೈಗೆ ಹೋಗುತ್ತೆ. ಬಲ ಮೊಣಕಾಲು ನಿಮಿಷಕ್ಕೆ ಎಷ್ಟು ಸಲ ಮೇಲೆ ಬರುತ್ತೆ ಎಣಿಸಿ. 60ರ ಕೆಳಗಿದ್ರೆ ಅಡ್ಡಾಡಿದ ಹಾಗೆ, 80 ದಾಟಿದ್ರೆ ಜೋರು. 10 ನಿಮಿಷ ನಿಧಾನ, ಆಮೇಲೆ 1 ನಿಮಿಷ ಜೋರು 30 ಸೆಕೆಂಡ್ ಹಗುರ, ಹೀಗೆ 10 ಸಲ. ಬಿಡುವು ಉದ್ದ ಮಾಡಬೇಡಿ, ನೀರಲ್ಲಿ ಬಡಿತ ಬೇಗ ಇಳಿಯುತ್ತೆ. ಗೋಡೆ ಒದೀಬೇಡಿ. ಹೊರಗೆ ಬರುವಾಗ ಏಣಿಗೆ ಒಳ್ಳೇ ಕಾಲು ಮೊದಲು.

ಕುಂಟು_10ಕೆ:
ಆಳದ ಪೂಲ್ ಸಿಗೋದು ಬೆಳಿಗ್ಗೆ 6ಕ್ಕೆ ಮಾತ್ರ, ಅಲ್ಲಿ ಬೆಲ್ಟ್ ಕಟ್ಟಿದವರನ್ನ ಲೇನಿಗೆ ಬಿಡಲ್ಲ. ಡಾಕ್ಟರಿಗೆ ಅಪಾಯಿಂಟ್‌ಮೆಂಟ್ ತಗೊಂಡೆ.

ಬೆಲ್ಟ್_ಯಾಕ್ರೀ:
ನೋಡಿ, ನಾನು ಹೇಳಿದ್ದೇ ಸರಿ.

ವಾಚ್‌ಮನ್_ಮೈಸೂರು:
ಸ್ಟ್ರಾಪ್ ಒದ್ದೆ ಮಾಡಿ ಕಟ್ಟೋದು ಮರೀಬೇಡಿ.