ಆಯುಧಪೂಜೆಗೆ ಕಾರು ಮಿಂಚಲಿ, ಪೇಂಟೂ ಉಳಿಯಲಿ

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಗಾಡಿಗಳ ಮಾತು ಶುರುವಾಗುತ್ತದೆ. ಈ ಸಲ ಅದು ಜಗಳಕ್ಕೆ ತಿರುಗಿತು. ಜಗಳಕ್ಕೆ ಕಾರಣವಾದ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ಕಾರಿನ ಗೀರು ತೆಗೆಯಲು ಮೊದಲ ಸಲ ಮೆಷಿನ್ ಹಿಡಿಯುವವರು ಅದನ್ನು ನಂಬಿದರೆ ಪೇಂಟ್ ಹಾಳಾಗುತ್ತದೆ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ಬಿಟ್ಟು ಊರು, ಸಂಬಂಧ ಮಾತ್ರ ಇಟ್ಟಿದ್ದೇನೆ.

ಶಿವಮೊಗ್ಗ ದೊಡ್ಡಪ್ಪ: (ಫಾರ್ವರ್ಡ್ ಆಗಿದ್ದು, ಜೊತೆಗೆ ಉಜ್ಜುವ ಮೊದಲು–ಆಮೇಲೆ ತೋರಿಸುವ ವಿಡಿಯೋ) ಗ್ಯಾರೇಜಿನವರು ಹೇಳದ ಗುಟ್ಟು! ಕಾರಿನ ಗೀರು ಹೋಗಲು ಸಾವಿರಾರು ರೂಪಾಯಿ ಬೇಡ. ಟೂತ್‌ಪೇಸ್ಟ್ ಹಚ್ಚಿ, ಕಬ್ಬಿಣ ಕತ್ತರಿಸುವ ಗ್ರೈಂಡರ್ ಮೆಷಿನ್‌ಗೆ ಉಣ್ಣೆ ಪ್ಯಾಡ್ ಹಾಕಿ ಉಜ್ಜಿ. 10 ನಿಮಿಷದಲ್ಲಿ ಹೊಸ ಕಾರು. ಎಲ್ಲರಿಗೂ ಕಳಿಸಿ.

ರಾಜಾಜಿನಗರ ಭಾವ: ಒಳ್ಳೆಯದಾಯಿತು ಮಾವ, ಇದನ್ನೇ ಹುಡುಕುತ್ತಿದ್ದೆ. ಮನೆಯಲ್ಲಿ ಗ್ರೈಂಡರ್ ಇದೆ, ಪ್ಯಾಡ್ ಒಂದು ತಂದರೆ ಸಾಕು. ಎಡಗಡೆ ಹಿಂದಿನ ಬಾಗಿಲಿನ ಗೀರು ಮೂರು ವರ್ಷದಿಂದ ಹಾಗೇ ಇದೆ.

ಹಾಸನ ಅತ್ತೆ: ಮೂರು ವರ್ಷ ಅಂತ ಯಾಕೆ ಲೆಕ್ಕ ಹೇಳುತ್ತೀರಿ ಅಳಿಯಂದಿರೇ? ಅದು ನಮ್ಮ ಮಗನ ಮದುವೆಗೆ ಮುಂಚೆಯೇ ಇತ್ತು.

ರಾಜಾಜಿನಗರ ಭಾವ: ನಾನು ಮದುವೆಯ ಮಾತು ಎತ್ತಲೇ ಇಲ್ಲವಲ್ಲ ಅತ್ತೆ.

ಹಾಸನ ಅತ್ತೆ: ಎತ್ತದೆಯೂ ಅರ್ಥವಾಗುತ್ತದೆ.

ದಾವಣಗೆರೆ ಅಕ್ಕ: ಒಂದು ನಿಮಿಷ. ಈ ವಿಡಿಯೋ ಯಾರದ್ದು? ಯಾರಾದರೂ ಪೂರ್ತಿ ನೋಡಿದ್ದೀರಾ? ಮೊದಲಿನ ಕಾರಿನ ಬಾಗಿಲ ಹಿಡಿ ಕಪ್ಪು. ಆಮೇಲಿನ ಕಾರಿನ ಹಿಡಿ ಬಿಳಿ. ಎರಡೂ ಬೇರೆ ಬೇರೆ ಕಾರು! ಅದೂ ಅಲ್ಲದೆ ಮೊದಲಿನದನ್ನು ಬಿಸಿಲಲ್ಲಿ ತೆಗೆದಿದ್ದಾರೆ, ಆಮೇಲಿನದು ನೆರಳಲ್ಲಿ.

ಶಿವಮೊಗ್ಗ ದೊಡ್ಡಪ್ಪ: ಒಳ್ಳೆಯದಾಗಲಿ ಅಂತ ಹಿರಿಯರು ಕಳಿಸಿದರೆ ಅದಕ್ಕೂ ಸಾಕ್ಷಿ ಬೇಕೇನಮ್ಮಾ? ನಮ್ಮ ಕಾಲದಲ್ಲಿ ಬೆಳಿಗ್ಗೆ ಎದ್ದು ಗಾಡಿಯನ್ನು ಕೈಯಾರೆ ಒರೆಸುತ್ತಿದ್ದೆವು. ಈಗಿನವರಿಗೆ ಮೈ ಬಗ್ಗುವುದಿಲ್ಲ, ಎಲ್ಲದಕ್ಕೂ ಮೆಷಿನ್.

ದಾವಣಗೆರೆ ಅಕ್ಕ: ಮೆಷಿನ್ ವಿಡಿಯೋ ಕಳಿಸಿದವರು ನೀವೇ ದೊಡ್ಡಪ್ಪ. ಬ್ಯಾಂಕಿಗೆ ನಾಲ್ಕು ದಿನ ರಜೆ ಅಂತ ನೀವು ಕಳಿಸಿದ್ದನ್ನು ನಂಬಿ ಅಪ್ಪ ಪಿಂಚಣಿ ತರಲು ಹೋಗಲಿಲ್ಲ. ಅದಕ್ಕೇ ಕೇಳಿದೆ.

ಅಕ್ಕ ಹೇಳಿದ ಬಿಸಿಲು–ನೆರಳಿನ ಮಾತು ಬಹಳ ಮುಖ್ಯವಾದದ್ದು. ಒಣ ಬಟ್ಟೆಯಲ್ಲಿ ಧೂಳು ಒರೆಸಿದಾಗ ಬೀಳುವ ಸುತ್ತು ಸುತ್ತಾದ ಸಣ್ಣ ಗೆರೆಗಳು ನೇರ ಬೆಳಕಿನಲ್ಲಿ ಮಾತ್ರ ಕಾಣುತ್ತವೆ. ನೆರಳಿಗೆ ತಂದರೆ ಯಾವ ಕಾರೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಪಿಂಚಣಿಯ ಮಾತು ಅರ್ಧ ಗಂಟೆ ನಡೆಯಿತು. ಅಷ್ಟರಲ್ಲಿ ಮೈಸೂರಿನ ಅಣ್ಣ ಬಂದ.

ಮೈಸೂರು ಅಣ್ಣ: ಕಾರು ಪಾಲಿಶ್ ಅಂದರೆ ತಾತನ ಅಂಬಾಸಿಡರ್! ಹಬ್ಬದ ಹಿಂದಿನ ದಿನ ನಾವೆಲ್ಲ ಸಾಲಾಗಿ ನಿಂತು ಉಜ್ಜುತ್ತಿದ್ದೆವು. ಬನಿಯನ್ ಬಟ್ಟೆಯೆಲ್ಲ ಕಾರಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಬೂದುಗುಂಬಳ ಒಡೆಯುವುದು ಯಾರು ಅಂತ ಜಗಳ.

ಹಾಸನ ಅತ್ತೆ: ಅದೇ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದು ನೆನಪಿದೆಯಾ? ಚಾರ್ಮಾಡಿ ಘಾಟಿಯಲ್ಲಿ ಬಾನೆಟ್ ತೆಗೆದು ಎಲ್ಲರೂ ರಸ್ತೆ ಪಕ್ಕ ಪುಳಿಯೋಗರೆ ತಿಂದೆವು.

ಶಿವಮೊಗ್ಗ ದೊಡ್ಡಪ್ಪ: ಆ ಕಾರನ್ನು ಮಾರಬಾರದಿತ್ತು. ನಾನು ಬೇಡ ಅಂದೆ, ಯಾರೂ ಕೇಳಲಿಲ್ಲ.

ಮೈಸೂರು ಅಣ್ಣ: ಮಾರಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಇದಾದ ಮೇಲೆ ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಅಣ್ಣ ಹೇಳಿದ ಬನಿಯನ್ ಬಟ್ಟೆಯ ಮಾತು ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಈ ಇಡೀ ವಿಷಯ ಅದರಲ್ಲೇ ಇದೆ. ನಾನು ಬರೆದೆ:

ನಾನು: ಅಣ್ಣಾ, ಬಟ್ಟೆಗೆ ಬಣ್ಣ ಹತ್ತುತ್ತಿತ್ತು ಅಂದೆಯಲ್ಲ, ಅದು ಪೇಂಟೇ ಸವೆದು ಬರುತ್ತಿದ್ದದ್ದು. ಆ ಕಾಲದ ಕಾರುಗಳಿಗೆ ಬಣ್ಣವೇ ಮೇಲಿನ ಪದರ. ಎಷ್ಟು ಸವೆಯಿತು ಅಂತ ಬಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಭಾವನ ಕಾರಿನಂಥ ಈಗಿನ ಬಹುತೇಕ ಕಾರುಗಳಿಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ. ಉಜ್ಜಿದಾಗ ಅದು ಸವೆದರೂ ಬಟ್ಟೆಯಲ್ಲಿ ಕಾಣುವುದಿಲ್ಲ. ಅದರ ದಪ್ಪ ಸುಮಾರು 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಬಿಸಿಲಿನಿಂದ ಬಣ್ಣವನ್ನು ಕಾಪಾಡುವುದು ಈ ಪದರವೇ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಪೇಂಟ್ ಅಂಗಡಿಗೇ ಹೋಗಬೇಕು.

ರಾಜಾಜಿನಗರ ಭಾವ: ಪಾಲಿಶ್ ಅಂದರೆ ಗೀರು ತುಂಬುತ್ತದೆ ಅಲ್ವಾ?

ನಾನು: ಇಲ್ಲ ಭಾವ. ಗೀರಿನ ಸುತ್ತಲಿನ ಪದರವನ್ನು ಗೀರಿನ ಮಟ್ಟಕ್ಕೆ ಇಳಿಸುತ್ತದೆ. ಹೊಳಪು ಬರುವುದೇ ಸವೆಸುವುದರಿಂದ. ಕೆಲವು ಪಾಲಿಶ್‌ಗಳ ಎಣ್ಣೆ ಗೀರಿನಲ್ಲಿ ಕೂತು ಮುಚ್ಚಿದಂತೆ ಕಾಣುತ್ತದೆ. ನಾಲ್ಕು ಸಲ ತೊಳೆದರೆ ಗೀರು ವಾಪಸ್. ಟೂತ್‌ಪೇಸ್ಟ್‌ನಲ್ಲೂ ಉಜ್ಜುವ ಪುಡಿಯೇ ಇರುವುದು, ಆದರೆ ಅದನ್ನು ಮಾಡಿರುವುದು ಹಲ್ಲಿಗೆ.

ರಾಜಾಜಿನಗರ ಭಾವ: ಸರಿ, ಟೂತ್‌ಪೇಸ್ಟ್ ಬಿಟ್ಟೆ. ಗ್ರೈಂಡರ್ ಆಗುತ್ತದೆ ತಾನೇ?

ನಾನು: ಅದು ಇನ್ನೂ ಕೆಟ್ಟದ್ದು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪೇಂಟಿಗೆ ಅಂತಲೇ ಮಾಡಿದ ರೋಟರಿ ಪಾಲಿಶರ್ ಕೂಡ 600ರಿಂದ 3,000ದ ಒಳಗೇ ಇರುತ್ತದೆ. ಕಬ್ಬಿಣ ಕತ್ತರಿಸುವ ಮೆಷಿನ್‌ಗೆ ಪ್ಯಾಡ್ ಕಟ್ಟಿದರೆ ಒಂದೇ ಜಾಗದಲ್ಲಿ ಬಿಸಿ ಏರಿ ಪೇಂಟ್ ಸುಟ್ಟುಹೋಗುತ್ತದೆ.

ಶಿವಮೊಗ್ಗ ದೊಡ್ಡಪ್ಪ: ಹಾಗಾದರೆ ನಾನು ಕಳಿಸಿದ್ದೆಲ್ಲ ಸುಳ್ಳು, ನೀನು ಹೇಳಿದ್ದೆಲ್ಲ ನಿಜ. ಆಗಲಪ್ಪ.

ನಾನು: ಹಾಗಲ್ಲ ದೊಡ್ಡಪ್ಪ. ಕೈಯಾರೆ ನೋಡಿಕೊಳ್ಳಬೇಕು ಅಂದಿರಲ್ಲ, ಅದು ಸರಿ. ಎಷ್ಟೋ ಗೀರುಗಳು ಬೀಳುವುದೇ ಧೂಳಿನ ಮೇಲೆ ಒಣ ಬಟ್ಟೆ ಎಳೆಯುವುದರಿಂದ.

ದೊಡ್ಡಪ್ಪನಿಗೆ ಬೇಜಾರಾಗಿದ್ದು ಪೇಂಟಿನ ವಿಷಯಕ್ಕಲ್ಲ, ಚಿಕ್ಕವರು ಎಲ್ಲರೆದುರು ತಿದ್ದಿದ್ದಕ್ಕೆ. ಅದು ನನಗೆ ಅರ್ಥವಾಗುತ್ತದೆ. ಆದರೂ ಅಂಥ ಸಂದೇಶ ಸುಮ್ಮನೆ ಬಿಡುವಂಥದ್ದಲ್ಲ. ಭಾವ ಆ ಶನಿವಾರವೇ ಗ್ರೈಂಡರ್ ಹಿಡಿಯುವವರಿದ್ದರು.

ಭಾವ ನನಗೆ ಫೋನ್ ಮಾಡಿ, ಡ್ಯುಯಲ್ ಆಕ್ಷನ್ ಪಾಲಿಶರ್ ತರುತ್ತೇನೆ, ಹೇಗೆ ಮಾಡಬೇಕು ಹೇಳು ಅಂದರು. ಮೊದಲ ಸಲ ಮಾಡುವವರಿಗೆ ಅದೇ ಸರಿ. ಅದರ ಪ್ಯಾಡ್ ಸುತ್ತುತ್ತಲೇ ಆಚೀಚೆ ಓಲಾಡುತ್ತದೆ, ಹಾಗಾಗಿ ಬಿಸಿ ಒಂದೇ ಕಡೆ ಕೂರುವುದಿಲ್ಲ. ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ. ಪ್ಯಾಡಿನ ಬೆನ್ನಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಹಾಕಿಕೊಂಡರೆ ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಫೋನಿನಲ್ಲಿ ಹೇಳಿದ್ದನ್ನೇ ಗುಂಪಿನಲ್ಲೂ ಬರೆದೆ. ಮೊದಲು ಚೆನ್ನಾಗಿ ತೊಳೆಯಬೇಕು. ಆಮೇಲೆ ಕ್ಲೇ ಬಾರ್‌ನಿಂದ (ಜೇಡಿಮಣ್ಣಿನಂಥ ಮೆತ್ತನೆಯ ತುಂಡು) ಅಂಟಿದ ಕೊಳೆ ತೆಗೆಯಬೇಕು. ಇಲ್ಲದಿದ್ದರೆ ಪ್ಯಾಡಿನಡಿ ಸಿಕ್ಕಿದ ಮರಳೇ ಹೊಸ ಗೀರು ಹಾಕುತ್ತದೆ. ಬಿಸಿಲಲ್ಲಿ ಮಾಡುವ ಹಾಗಿಲ್ಲ, ಲೋಹ ತಣ್ಣಗಿರಬೇಕು. ಬಾನೆಟ್ಟಿನ ಏಣು, ಬಾಗಿಲಿನ ಅಂಚು, ಕಪ್ಪು ಪ್ಲಾಸ್ಟಿಕ್‌ಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಅಂಚಿನಲ್ಲಿ ಪೇಂಟ್ ತೆಳು, ಪ್ಯಾಡ್ ಒತ್ತುವುದೂ ಅಲ್ಲೇ ಜಾಸ್ತಿ. ಬಂಪರ್ ಪ್ಲಾಸ್ಟಿಕ್ಕಿನದು, ಬೇಗ ಬಿಸಿಯಾಗುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಶುರು ಮಾಡುವುದು ಡಿಕ್ಕಿಯ ಮೇಲೆ, ಎರಡು ಅಡಿ ಚೌಕದಲ್ಲಿ ಮಾತ್ರ. ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್, ಎಲ್ಲಕ್ಕಿಂತ ನುಣುಪಾದ ಪಾಲಿಶ್. ನಾಲ್ಕೈದು ಸಣ್ಣ ಹನಿ ಸಾಕು. ಪ್ಯಾಡನ್ನು ಪೇಂಟಿಗೆ ಒತ್ತಿಟ್ಟ ಮೇಲೇ ಸ್ವಿಚ್ ಹಾಕಬೇಕು, ಇಲ್ಲದಿದ್ದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ. ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ. ಮೊದಲು ಅಡ್ಡ, ಆಮೇಲೆ ಉದ್ದ, ಪ್ರತಿ ಸಾಲೂ ಹಿಂದಿನದರ ಅರ್ಧದ ಮೇಲೆ ಹೋಗಬೇಕು. ಮುಗಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಎಣ್ಣೆ ತೆಗೆದು, ಟಾರ್ಚ್ ಹಿಡಿದು ನೋಡಬೇಕು. ಸಾಲದಿದ್ದರೆ ಮಾತ್ರ ಒಂದು ಹೆಜ್ಜೆ ಗಟ್ಟಿ ಪ್ಯಾಡ್.

ದಾವಣಗೆರೆ ಅಕ್ಕ: ಇದಕ್ಕೆಲ್ಲ ಏನು ಆಧಾರ?

ನಾನು: ಆ ಎರಡು ಅಡಿಯೇ ಆಧಾರ ಅಕ್ಕ. ಮೊದಲು, ಆಮೇಲೆ ಎರಡನ್ನೂ ಅದೇ ಟಾರ್ಚಿನಲ್ಲಿ, ಅದೇ ಜಾಗದಿಂದ ಫೋಟೋ ತೆಗೆಯುತ್ತೇವೆ.

ಭಾನುವಾರ ಭಾವ ಫೋಟೋ ಹಾಕಿದರು. ಸುತ್ತು ಗೆರೆಗಳು ಬಹುಪಾಲು ಹೋಗಿದ್ದವು. ಆಳವಾದ ಎರಡು ಉಳಿದಿದ್ದವು. ಅವನ್ನೂ ತೆಗೆಯಲು ಗಟ್ಟಿ ಪ್ಯಾಡ್ ಹಾಕಲೇ ಅಂದರು. ಬೇಡ ಅಂದೆ. ಎರಡು ಗೀರಿಗಾಗಿ ಇಡೀ ಜಾಗದ ಕ್ಲಿಯರ್ ಕೋಟ್ ಇಳಿಸುವುದು ನಷ್ಟದ ವ್ಯಾಪಾರ.

ರಾಜಾಜಿನಗರ ಭಾವ: ಹಿಂದಿನ ಬಾಗಿಲಿನದು?

ನಾನು: ಗೀರಿನ ಮೇಲೆ ಅಡ್ಡವಾಗಿ ಉಗುರು ಎಳೆಯಿರಿ. ಸಿಕ್ಕಿಕೊಳ್ಳುತ್ತದಾ?

ರಾಜಾಜಿನಗರ ಭಾವ: ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ. ಒಳಗೆ ಬೂದು ಬಣ್ಣ ಕಾಣುತ್ತಿದೆ.

ನಾನು: ಹಾಗಾದರೆ ಅದು ಪ್ರೈಮರ್ ತನಕ, ಅಂದರೆ ಬಣ್ಣದ ಕೆಳಗಿನ ಪದರದ ತನಕ ಹೋಗಿದೆ. ಯಾವ ಪಾಲಿಶ್‌ಗೂ ಹೋಗುವುದಿಲ್ಲ. ಟಚ್‌ಅಪ್ ಪೇಂಟ್ ಹಚ್ಚಿ, ಇಲ್ಲದಿದ್ದರೆ ಮುಂದೆ ತುಕ್ಕು ಹಿಡಿಯಬಹುದು.

ಹಾಸನ ಅತ್ತೆ: ಪೇಂಟಿನ ಖರ್ಚು ನಾನೇ ಕೊಡುತ್ತೇನೆ. ಆದರೆ ಚಪ್ಪರದ ಕಂಬಕ್ಕೆ ತಾಗಿದ್ದಲ್ಲ ಅದು.

ರಾಜಾಜಿನಗರ ಭಾವ: ಕಂಬ ಅಂತ ನಾನು ಹೇಳಲೇ ಇಲ್ಲ ಅತ್ತೆ.

ಮೈಸೂರು ಅಣ್ಣ: ನಾನು ಅಲ್ಲೇ ನಿಂತಿದ್ದೆ. ಹೇಳಲಾ?

ನಾನು: ಅದನ್ನು ಹಬ್ಬಕ್ಕೆ ಸೇರಿದಾಗ ಮಾತಾಡೋಣ. ಭಾವ, ಕಾರಿನಲ್ಲಿ ಕಂಪನಿಯವರು ಹಾಕಿದ ವಿವರದ ಪ್ಲೇಟಿನಲ್ಲಿ (ನಂಬರ್ ಪ್ಲೇಟ್ ಅಲ್ಲ) ಬಣ್ಣದ ಕೋಡ್ ಇರುತ್ತದೆ, ಅದರ ಫೋಟೋ ಕಳಿಸಿ. ಬಿಳಿ ಅಂತ ಮಾತ್ರ ಹೇಳಿ ಪೇಂಟ್ ತರಬೇಡಿ, ಬಿಳಿಯಲ್ಲೇ ಹತ್ತಾರು ಬಗೆ ಇದೆ.