ಕರಾವಳಿ ಅಡುಗೆ ಗುಂಪು: ಬಿಂಬುಳಿ ಬಗ್ಗೆ ಕಿಡ್ನಿ ಡಾಕ್ಟರರಿಗೆ ನಿಮ್ಮ ಪ್ರಶ್ನೆಗಳು

ಸುಮನಾ: ಡಾಕ್ಟ್ರೇ, ಹಿತ್ತಲಿನ ಬಿಂಬುಳಿ ಮರದ ಕಾಂಡ ತುಂಬ ಗೊಂಚಲು. ಉಪ್ಪಿನಕಾಯಿ ಹಾಕಿದ್ದೇನೆ. ಬಿ.ಪಿ. ಇರುವ ಅತ್ತೆಗೆ ಕೊಡಬಹುದಾ?

ಡಾಕ್ಟರ್: ಅವರಿಗೆ ಉಪ್ಪಿನಕಾಯಿ ಬೇಡ, ಉಪ್ಪು ಜಾಸ್ತಿ. ಕಿಡ್ನಿ ಸರಿ ಇದ್ದರೆ ಸಾರಿಗೆ ಹುಣಸೆ ಬದಲು ಎರಡು ಕಾಯಿ ಹಾಕಿ.

ವಿನ್ಸೆಂಟ್: ಬಂಗುಡೆ ಮೀನಿನ ಪುಳಿಮುಂಚಿಗೂ ಹಾಕಿ. ಹುಣಸೆ ಬೇಡವೇ ಬೇಡ.

ಗಣಪತಿ: ಮೇಡಂ, ಅಪ್ಪನಿಗೆ ಕೊಲೆಸ್ಟ್ರಾಲ್. ಬಿಂಬುಳಿ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತೆ ಅಂತ ಈ ಗುಂಪಿಗೇ ಬಂದ ಫಾರ್ವರ್ಡ್ ನೋಡಿ ದಿನಾ ಖಾಲಿ ಹೊಟ್ಟೆಗೆ ಒಂದು ಲೋಟ ಕುಡೀತಿದ್ದಾರೆ. ನಿನ್ನೆಯಿಂದ ವಾಂತಿ, ಸೊಂಟನೋವು. ಗ್ಯಾಸ್ ಅಂತಾರೆ. ಏನು ಕೊಡಲಿ?

ಡಾಕ್ಟರ್: ಗಣಪತಿಯವರೇ, ಮನೆಯಲ್ಲಿ ಏನೂ ಕೊಡಬೇಡಿ. ರಸ ನಿಲ್ಲಿಸಿ, ಈಗಲೇ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆಗೆ ಇಡಬೇಡಿ. ಮೂತ್ರ ಕಡಿಮೆಯಾಗಿದೆಯಾ ಅಂತ ಅಪ್ಪನನ್ನು ಕೇಳಿ. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಬಿಂಬುಳಿ ರಸ ಕುಡಿದದ್ದನ್ನು ಅಲ್ಲಿ ನೀವೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಈ ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲ ತುಂಬ ಇದೆ. ಹಿಂಡಿ ಕುಡಿದರೆ ಬಹಳಷ್ಟು ಒಟ್ಟಿಗೆ ರಕ್ತಕ್ಕೆ ಸೇರಿ, ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ, ಕಿಡ್ನಿಯ ಸಣ್ಣ ನಾಳಗಳಲ್ಲಿ ಕೂರುತ್ತದೆ. ಹೀಗೆ ರಸ ಕುಡಿದು ಕಿಡ್ನಿ ಕೆಟ್ಟ ಕೇರಳದ 10 ಮಂದಿಯ ವಿವರ 2013ರಲ್ಲೇ ಪ್ರಕಟವಾಗಿದೆ. 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಬೇಗ ಹೋದರೆ ಕಿಡ್ನಿ ಚೇತರಿಸಿಕೊಳ್ಳಬಹುದು. ಹೊರಡಿ.

ರೇಷ್ಮಾ: ಹಾಗಾದ್ರೆ ಬಿಂಬುಳಿ ತಿನ್ನಲೇಬಾರದಾ?

ಡಾಕ್ಟರ್: ಅಡುಗೆಗೆ ಹಾಕಿ. ಹಿಂಡಿ ಕುಡಿಯಬೇಡಿ.

ಶಾರದಾ: ಅಜ್ಜಿ ಕಾಲದಿಂದ ತಿಂತಾ ಬಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ. ನಮ್ಮ ಹಿತ್ತಲಿನ ಮದ್ದು ಅಂದ್ರೆ ಡಾಕ್ಟರುಗಳಿಗೆ ಆಗುವುದೇ ಇಲ್ಲ.

ಡಾಕ್ಟರ್: ನಿಮ್ಮ ಅಜ್ಜಿ ಲೋಟಗಟ್ಟಲೆ ರಸ ಕುಡಿಯಲಿಲ್ಲ ಶಾರದಮ್ಮ. ನಾಲ್ಕು ಕಾಯಿ ಹಾಕಿ ಇಡೀ ಮನೆಗೆ ಗೊಜ್ಜು ಮಾಡಿದರು. ಆ ಫಾರ್ವರ್ಡ್ ಅಜ್ಜಿಯದ್ದಲ್ಲ.

ಇಕ್ಬಾಲ್: ಉಪ್ಪು ಹಾಕಿ ಬಿಸಿಲಲ್ಲಿ ಒಣಗಿಸಿದರೆ ಆ ಆಮ್ಲ ಹೋಗುತ್ತಾ? ಹಡಗಿನಲ್ಲಿದ್ದಾಗ ಇಂಡೋನೇಷ್ಯಾದವರ ಹತ್ತಿರ ನೋಡಿದ್ದೆ. ಅಸಾಮ್ ಸುಂತಿ ಅಂತಾರೆ, ಸುಮಾತ್ರಾ ದ್ವೀಪದ ಆಚೆ (Aceh) ಪ್ರಾಂತ್ಯದ್ದು. ಮೀನಿಗೆ ಹಾಕ್ತಾರೆ.

ಶಾರದಾ: ಮತ್ತೆ ಮೀನು! ಇದು ಆರೋಗ್ಯದ ಪ್ರಶ್ನೋತ್ತರ.

ವಿನ್ಸೆಂಟ್: ಕರಾವಳಿ ಅಡುಗೆ ಗುಂಪಲ್ಲಿ ಮೀನು ಹೇಳಬಾರದಾ ಅಕ್ಕಾ? ನೀವು ಬಿಂಬುಳಿ ಮೆಣಸ್ಕಾಯಿ ಗೊಜ್ಜು ಬರೆದಾಗ ನಾವು ಏನಾದ್ರೂ ಹೇಳಿದ್ದೇವಾ?

ಶಾರದಾ: ಹೇಳಿದ್ದೀರಿ. ಬೆಲ್ಲ ಜಾಸ್ತಿ ಅಂದಿದ್ರಿ.

ವಿನ್ಸೆಂಟ್: ಜಾಸ್ತಿಯೇ. ಬಿಂಬುಳಿಯ ಹುಳಿ ಉಳಿಯುವುದೇ ಇಲ್ಲ.

ನಳಿನಿ: ಅಮ್ಮನಿಗೆ ಡಯಾಲಿಸಿಸ್ ನಡೀತಿದೆ. ಧಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣು ಒಂದು ಚೂರು ಕೊಡಬಹುದಾ? ತುಂಬಾ ಆಸೆ ಪಡ್ತಾರೆ.

ಡಾಕ್ಟರ್: ನಳಿನಿ, ಒಂದು ಚೂರೂ ಬೇಡ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಸೋತ ಕಿಡ್ನಿ ಹೊರಹಾಕಲಾರದು, ಅದು ಮಿದುಳಿಗೆ ಏರುತ್ತದೆ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವು ಕೂಡ ಆಗಿದೆ. ಈಗಾಗಲೇ ತಿಂದಿದ್ದರೆ ಡಯಾಲಿಸಿಸ್ ಸೆಂಟರಿಗೆ ತಕ್ಷಣ ತಿಳಿಸಿ.

ಪ್ರಕಾಶ್: ಕೊಲೆಸ್ಟ್ರಾಲಿಗೆ ರಸ ಎಷ್ಟು ಮಿಲಿ ಕುಡಿಯಬೇಕು?

ಡಾಕ್ಟರ್: ಕುಡಿಯಬಾರದು. ಮೇಲೆ ಓದಿ.

ಪ್ರಕಾಶ್: ನೀರು, ಜೇನುತುಪ್ಪ ಸೇರಿಸಿದ್ರೆ?

ಡಾಕ್ಟರ್: ಓದಿ ಅಂದೆನಲ್ಲ.

ಲತಾ: ಮೇಡಂ, ಹಿತ್ತಾಳೆ ದೀಪ ಬಿಂಬುಳಿಯಲ್ಲಿ ತಿಕ್ಕಿದರೆ ಕೈ ಉರಿಯುತ್ತದೆ, ಏನು ಹಚ್ಚಲಿ?

ಗಣಪತಿ: ಆಸ್ಪತ್ರೆಯಲ್ಲಿದ್ದೇವೆ. ಮೂತ್ರ ನಿನ್ನೆಯಿಂದ ತೀರಾ ಕಡಿಮೆಯಂತೆ, ಹೇಳಿರಲೇ ಇಲ್ಲ. ರಕ್ತ ತೆಗೆದುಕೊಂಡರು.

ಡಾಕ್ಟರ್: ಒಳ್ಳೆಯದು. ಸೊಂಟನೋವಿಗೆ ಮಾತ್ರೆ ನುಂಗಿದ್ದರೆ ಅದನ್ನೂ ಹೇಳಿ. ಅಡ್ಮಿನ್, ಆ ಫಾರ್ವರ್ಡ್ ಇನ್ನೂ ಗುಂಪಿನಲ್ಲೇ ಇದೆ. ಅದನ್ನು ಅಳಿಸುವವರೆಗೆ ಬೇರೆ ಪ್ರಶ್ನೆಗೆ ಉತ್ತರಿಸುವುದಿಲ್ಲ.